ತೋಟದಲ್ಲಿಯೂ ಪವಿತ್ರತೆ



ಪವಿತ್ರತೆ ಎಂಬ ಮಾತು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಬಲಿಪೀಠದ ಪಕ್ಕದಲ್ಲಿ ಕೈಜೋಡಿಸಿ ನಿಂತ ಸಂತರ ಪ್ರತಿಮೆಗಳು, ಕನ್ಯಾಮಠದ ಮೌನ, ಉಪವಾಸ, ಜಾಗರಣೆ. "ಅದೆಲ್ಲ ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ. ಬೆಳಿಗ್ಗೆ ಹಾಲು ಕರೆದು, ಹಗಲೆಲ್ಲ ತೋಟದಲ್ಲಿ ದುಡಿದು, ರಾತ್ರಿ ತೇರ್ಸ್ ಹೇಳುವಾಗಲೇ ತೂಕಡಿಸುವ ನಮಗೆಲ್ಲಿಯ ಪವಿತ್ರತೆ?" ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈ ಮಾತಿನಲ್ಲಿ ವಿನಯವಿದೆ, ನಿಜ. ಆದರೆ ಈ ವಿನಯದ ಮರೆಯಲ್ಲಿ ನಮ್ಮ ಜವಾಬ್ದಾರಿಯೂ ಮೆಲ್ಲನೆ ಜಾರಿಕೊಳ್ಳುವುದುಂಟು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎರಡನೇ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಹೊರತಂದ 'ಲೂಮೆನ್ ಜೆನ್ಸಿಯುಮ್' ಎಂಬ ಸಂವಿಧಾನದ 5ನೇ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರಿಗೂ ಪವಿತ್ರತೆಯ ಕರೆ ಇದೆ ಎಂದು ಅದು ಸಾರುತ್ತದೆ. ದಂಪತಿಗಳು, ವಿಧವೆಯರು, ಮೈಮುರಿದು ದುಡಿಯುವವರು, ರೋಗಿಗಳು ಎಂದು ಒಬ್ಬೊಬ್ಬರನ್ನೂ ಹೆಸರಿಸಿ ಅವರವರ ಬಾಳಿನೊಳಗಿನ ದಾರಿಯನ್ನು ತೋರಿಸುತ್ತದೆ. ದುಡಿಯುವವರ ಬಗ್ಗೆ ಹೇಳುವಾಗ ಯೇಸುಸ್ವಾಮಿಯ ಕೈಗಳು ಬಡಗಿಯ ಹತಾರ ಹಿಡಿದ ಕೈಗಳೆಂಬುದನ್ನು ನೆನಪಿಸುತ್ತದೆ. ಪೋಪ್ ಫ್ರಾನ್ಸಿಸ್ ಅವರು 2018ರಲ್ಲಿ ಬರೆದ 'ಗೌದೆತೆ ಎತ್ ಎಕ್ಸುಲ್ತಾತೆ' ಎಂಬ ಪ್ರಬೋಧನಾ ಪತ್ರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇರುವ ಸಂತರನ್ನು ಕುರಿತು ಮಾತನಾಡಿದರು. ಪೇಟೆಗೆ ಹೋದ ಹೆಂಗಸೊಬ್ಬಳು ನೆರೆಯವಳು ಚಾಡಿಮಾತು ತೆಗೆದಾಗ ತಾನು ಯಾರ ಬಗ್ಗೆಯೂ ಕೆಟ್ಟದ್ದು ಆಡಲಾರೆನೆಂದು ಮನಸ್ಸಿನಲ್ಲೇ ನಿಶ್ಚಯಿಸುವುದೂ ಪವಿತ್ರತೆಯ ಒಂದು ಹೆಜ್ಜೆ ಎಂದು ಅವರು ಉದಾಹರಿಸಿದರು.

ಹಾಗಾದರೆ ಅಡಿಕೆ, ತೆಂಗು, ಕರಿಮೆಣಸು, ರಬ್ಬರ್ ನಂಬಿ ಬದುಕುವ ನಮ್ಮ ಕಾಸರಗೋಡು ನಾಡಿನ ಕುಟುಂಬಗಳಿಗೆ ಈ ಹೆಜ್ಜೆಗಳು ಯಾವುವು? ಮಳೆಗಾಲದ ಹೊಸ್ತಿಲಲ್ಲಿರುವ ಈ ಮೇ ತಿಂಗಳಲ್ಲಿ ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ರೈತನಿಗೆ ಬರೆದ ಅಧ್ಯಾಯ

ದೇವರು ಪರಿಶುದ್ಧರಾಗಿರುವಂತೆ ಅವರ ಜನರೂ ಪರಿಶುದ್ಧರಾಗಿರಬೇಕು ಎಂಬ ಆಜ್ಞೆ ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದ ಆರಂಭದಲ್ಲೇ ಇದೆ. ಮುಂದೆ ಅಲ್ಲಿ ಬರುವುದು ಧೂಪ ದೀಪಗಳ ಮಾತೇ ಇರಬೇಕೆಂದು ನಾವು ಎಣಿಸಬಹುದು. ಓದುತ್ತಾ ಹೋದರೆ ಸಿಗುವುದು ಹೊಲದ ಮಾತು! ಕೊಯ್ಲಿನ ಸಮಯದಲ್ಲಿ ಗದ್ದೆಯ ಅಂಚನ್ನು ಪೂರ್ತಿ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ನೆರೆಯವನ ಪ್ರಾಣಕ್ಕೆ ಕುತ್ತು ತರಬಾರದು. ಪರನಾಡಿನಿಂದ ಬಂದವನನ್ನು ಸ್ವಂತ ನಾಡಿನವನಂತೆ ಕಾಣಬೇಕು. ತಕ್ಕಡಿ, ಕಲ್ಲು, ಅಳತೆ ಎಲ್ಲವೂ ನ್ಯಾಯವಾಗಿರಬೇಕು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಯೇಸುಸ್ವಾಮಿ ಎತ್ತಿಹಿಡಿದ ಆಜ್ಞೆಯೂ ಇದೇ ಅಧ್ಯಾಯದ ನಡುವಿನದು.

ಅಂದರೆ ಪವಿತ್ರತೆಯ ಅಳತೆಗೋಲನ್ನು ದೇವರು ಇಟ್ಟಿರುವುದು ನಮ್ಮ ಗದ್ದೆಯ ಹುಣಿಯ ಮೇಲೆ, ತೋಟದ ಬೇಲಿಯ ಬಳಿ. ನಮ್ಮ ಬೇಸಾಯದಿಂದ ಇನ್ನೊಬ್ಬನ ದೇಹಕ್ಕೆ ಒಳಿತಾಯಿತೋ ಕೆಡುಕಾಯಿತೋ ಎಂಬುದೇ ಆ ಅಳತೆ.

ನೇಗಿಲು ಹಿಡಿದ ಸಂತರು

ಇದೇ ಮೇ 15ರಂದು ಧರ್ಮಸಭೆ ಸ್ಮರಿಸುವ ಸಂತ ಇಸಿದೋರರು ರೈತರ ಪಾಲಕ ಸಂತರು. ಸುಮಾರು 1070ರಿಂದ 1130ರವರೆಗೆ ಸ್ಪೇನ್ ದೇಶದ ಮಾದ್ರಿದ್‌ನಲ್ಲಿ ಬಾಳಿದ ಇವರಿಗೆ ಸ್ವಂತ ಭೂಮಿ ಇರಲಿಲ್ಲ. ಧಣಿಯೊಬ್ಬರ ಹೊಲ ಉಳುವುದೇ ಇವರ ಕಾಯಕ. ಬಲಿಪೂಜೆಗೆ ಹೋಗಿ ಕೆಲಸಕ್ಕೆ ತಡವಾಗಿ ಬರುತ್ತಾರೆಂದು ಜೊತೆಗಾರರು ದೂರು ಕೊಟ್ಟಾಗ, ಧಣಿ ಬಂದು ನೋಡಿದರೆ ದೇವದೂತರು ಇವರ ಪಕ್ಕದಲ್ಲೇ ನೇಗಿಲು ಹೊಡೆಯುತ್ತಿದ್ದರೆಂದು ಐತಿಹ್ಯವಿದೆ. ತಮ್ಮ ಊಟವನ್ನು ಬಡವರೊಡನೆ ಹಂಚಿಕೊಂಡದ್ದು, ಚಳಿಗಾಲದಲ್ಲಿ ಹಸಿದ ಹಕ್ಕಿಗಳಿಗೆ ಮೂಟೆಯ ಕಾಳು ಚೆಲ್ಲಿದ್ದು ಅವರ ಬಗ್ಗೆ ಜನ ಇಂದಿಗೂ ಹೇಳುವ ಕಥೆಗಳು. 1622ರ ಮಾರ್ಚ್ 12ರಂದು ಅವರಿಗೆ ಸಂತ ಪದವಿ ಸಿಕ್ಕಿತು. ಅದೇ ದಿನ, ಅದೇ ಸಮಾರಂಭದಲ್ಲಿ ಸಂತರಾದವರು ಗೋವೆಯಲ್ಲಿ ಪಾರ್ಥಿವ ಶರೀರವಿರುವ ನಮ್ಮ ಸಂತ ಫ್ರಾನ್ಸಿಸ್ ಝೇವಿಯರರು, ಇಗ್ನೇಷಿಯಸ್ ಲೊಯೋಲರು, ಅವಿಲಾದ ತೆರೇಸಮ್ಮನವರು ಮತ್ತು ಫಿಲಿಪ್ ನೇರಿಯವರು. ಮಹಾ ಪ್ರೇಷಿತರ, ಜ್ಞಾನಿಗಳ ಸಾಲಿನಲ್ಲಿ ಒಬ್ಬ ಕೂಲಿ ರೈತ! ಇಸಿದೋರರ ಪತ್ನಿ ಮರಿಯಾ ಅವರನ್ನೂ ಧರ್ಮಸಭೆ ಪುನೀತೆಯೆಂದು ಘೋಷಿಸಿದೆ.

ನಮ್ಮ ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಮೊದಲಿಗರಾಗಿ ಸಂತ ಪದವಿಗೆ ಏರಿದ ದೇವಸಹಾಯಂ ಅವರಿಗೆ ಆ ಗೌರವ ದೊರೆತದ್ದೂ ಒಂದು ಮೇ 15ರಂದೇ, 2022ರಲ್ಲಿ. ಅವರೂ ಮದುವೆಯಾದವರು, ತಿರುವಿತಾಂಕೂರಿನಲ್ಲಿ ಉದ್ಯೋಗ ಮಾಡಿಕೊಂಡಿದ್ದವರು. ಸಂಸಾರ ಮತ್ತು ದುಡಿಮೆ ಪವಿತ್ರತೆಗೆ ಅಡ್ಡಿ ಎನ್ನುವವರಿಗೆ ಈ ಇಬ್ಬರ ಬಾಳೇ ಉತ್ತರ.

ಕೆಲಸದವರ ಮೈ, ನಮ್ಮ ಮನಸ್ಸಾಕ್ಷಿ

ಮೊದಲು ನಮ್ಮ ತೋಟಕ್ಕೆ ದುಡಿಯಲು ಬರುವವರ ವಿಷಯ. ಕೂಲಿ ಇಷ್ಟು ಏರಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ಕಷ್ಟ ನಮಗೆ ತಿಳಿಯದ್ದಲ್ಲ. ಆದರೂ ಸಂಜೆ ಕೆಲಸ ಮುಗಿದ ಮೇಲೆ "ಅಡಿಕೆ ಮಾರಿದ ಮೇಲೆ ಕೊಡುತ್ತೇನೆ" ಎಂದರೆ ಆ ಮನೆಯ ಒಲೆ ನಮ್ಮ ಅಡಿಕೆಯ ದರಕ್ಕೆ ಕಾಯಬೇಕಾಗುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಎಂದು ಯಕೋಬನು ತನ್ನ ಪತ್ರದಲ್ಲಿ ಎಚ್ಚರಿಸಿದ್ದಾನೆ. ಅವನು ಆ ಮಾತನ್ನು ಹೇಳಿದ್ದು ಹೊಲ ಕೊಯ್ದವರ ಕೂಲಿಯ ಬಗ್ಗೆಯೇ.

ಈಗ ನಮ್ಮ ತೋಟಗಳಲ್ಲಿ ಬಂಗಾಳ, ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ದುಡಿಯುತ್ತಿದ್ದಾರೆ. ಭಾಷೆ ಬಾರದ, ಹೆತ್ತವರಿಂದ ದೂರವಿರುವ ಇವರೇ ಯಾಜಕಕಾಂಡ ಹೇಳುವ ಪರದೇಶಿಗಳು. ಅವರು ಮಲಗುವ ಶೆಡ್ಡಿನ ಮಾಡು ಸೋರುತ್ತದೆಯೇ, ಕುಡಿಯಲು ಒಳ್ಳೆಯ ನೀರಿದೆಯೇ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಮಠ ಮಂದಿರ ಸುತ್ತದೆಯೇ ಪವಿತ್ರತೆ ಬೆಳೆಯುವ ಜಾಗ ಇದು.

ಮಳೆಗಾಲದ ಇಲಿಜ್ವರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಇಲಿ, ಹೆಗ್ಗಣಗಳ ಮೂತ್ರ ಬೆರೆತ ಕೆಸರು ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಹೊಗುತ್ತದೆ. ಗದ್ದೆ, ಚರಂಡಿ, ತೋಡಿನ ಕೆಲಸ ಮಾಡುವವರಿಗೆ ಅಪಾಯ ಹೆಚ್ಚು. ಜ್ವರದೊಡನೆ ಮೈಕೈ ನೋವು, ಅದರಲ್ಲೂ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂಗಡಿಯ ಮಾತ್ರೆ ನುಂಗಿ ದಿನ ಕಳೆಯಬಾರದು. ಬೇಗ ಚಿಕಿತ್ಸೆ ಸಿಕ್ಕಿದರೆ ಗುಣವಾಗುವ ಕಾಯಿಲೆ ಇದು. ತಡವಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು. ಕೆಸರಿನ ಕೆಲಸಕ್ಕೆ ಮೊದಲು ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಮ್ಮ ಮಕ್ಕಳಿಗೆ ಬೂಟು ತಂದಾಗ ಕೆಲಸದವನಿಗೂ ಒಂದು ಜೊತೆ ಗಂಬೂಟು ತರುವುದು ದೊಡ್ಡ ಖರ್ಚಲ್ಲ.

ಮರ ಹತ್ತುವವರ ಕಷ್ಟ ಇನ್ನೂ ದೊಡ್ಡದು. ಒದ್ದೆ ಮರದಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದವನಿಗೆ ಜೀವನಪೂರ್ತಿ ಹಾಸಿಗೆಯೇ ಗತಿ. "ಇವತ್ತೇ ಮದ್ದು ಬಿಟ್ಟು ಮುಗಿಸಿ ಬಿಡು" ಎಂದು ಅವಸರಿಸುವ ಮೊದಲು ಮರ ಒಣಗಿದೆಯೇ ಎಂದು ನೋಡೋಣ. ಈಗ ನೆಲದಲ್ಲೇ ನಿಂತು ಮದ್ದು ಬಿಡಲು, ಗೊನೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ; ಒಬ್ಬರಿಗೆ ದುಬಾರಿಯಾದರೆ ನಾಲ್ಕು ಮನೆಯವರು ಸೇರಿ ಕೊಳ್ಳಬಹುದು. ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ. ನಮ್ಮ ಮನೆಗೆ ಬರುವವರಿಗೆ ಅದು ಆಗಿದೆಯೇ ಎಂದು ಕೇಳಿ, ಇಲ್ಲವಾದರೆ ಅರ್ಜಿ ತುಂಬಲು ನೆರವಾಗೋಣ.

ಮನೆಗೊಂದು ಸಾಲು, ಸಂತೆಗೊಂದು ಸಾಲು

ತಕ್ಕಡಿಯ ವಿಷಯಕ್ಕೆ ಬರೋಣ. ತೂಕದಲ್ಲಿ ಮೋಸ ಮಾಡಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಇಂದು ತಕ್ಕಡಿಗೆ ಕಾಣದ ಮೋಸಗಳಿವೆ. ಅಲಸಂಡೆ, ಬೆಂಡೆ, ಹಾಗಲ ಬೆಳೆಯುವಾಗ ಮನೆಯವರ ಊಟಕ್ಕೆಂದು ಒಂದು ಸಾಲಿಗೆ ವಿಷ ಸೋಕಿಸದೆ, ಸಂತೆಗೆ ಹೋಗುವ ಸಾಲುಗಳಿಗೆ ಮಾತ್ರ ಧಾರಾಳವಾಗಿ ಹೊಡೆಯುವ ಪದ್ಧತಿ ಹಲವು ಕಡೆ ಇದೆ. ಇದು ಅಪಾಯಕಾರಿ ಎಂದು ಆ ರೈತನಿಗೆ ಗೊತ್ತಿದೆ ಎನ್ನಲು ಆ ಪ್ರತ್ಯೇಕ ಸಾಲೇ ಸಾಕ್ಷಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯನ್ನು ತರಕಾರಿ ಮಡಿಯ ಭಾಷೆಯಲ್ಲಿ ಹೇಳಿದರೆ ಹೀಗಾಗುತ್ತದೆ: ನಿನ್ನ ಮಗುವಿನ ಬಟ್ಟಲಿಗೆ ಹಾಕದ್ದನ್ನು ಇನ್ನೊಬ್ಬರ ಮಗುವಿನ ಬಟ್ಟಲಿಗೆ ಕಳುಹಿಸಬೇಡ.

ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ; ಕಡಿಮೆ ವಿಷ ಅಷ್ಟೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದನ್ನು ಚೀಟಿಯಲ್ಲಿ ಓದಿ, ಇಲ್ಲವೇ ಕೃಷಿ ಭವನದಲ್ಲಿ ಕೇಳಿ. ಆ ದಿನಗಳು ಮುಗಿಯುವ ಮೊದಲೇ, ದರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಯ್ದು ಮಾರಿದರೆ ತಕ್ಕಡಿ ಸರಿಯಿದ್ದರೂ ವ್ಯಾಪಾರ ಸರಿಯಿಲ್ಲ.

ಹಾಲಿನದೂ ಅದೇ ಕಥೆ. ನೀರು ಬೆರೆಸಿದರೆ ಸೊಸೈಟಿಯವರು ಕಂಡುಹಿಡಿಯುತ್ತಾರೆ. ಆದರೆ ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ದನದ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಬೇರೆ ಇಡದೆ ಎಲ್ಲರ ಹಾಲಿನೊಡನೆ ಹೊಯ್ದರೆ, ಹೊಯ್ದವನಿಗೂ ದೇವರಿಗೂ ಮಾತ್ರ ಅದು ಗೊತ್ತಿರಬಹುದು. ಯಾರೂ ನೋಡದ ಆ ಬೆಳಗಿನ ಜಾವದಲ್ಲಿ ಎರಡು ಲೀಟರ್ ಹಾಲಿನ ನಷ್ಟ ಸಹಿಸುವ ಹೆಂಗಸು ಅಂದಿನ ಪ್ರಾರ್ಥನೆಯನ್ನು ಅರ್ಧ ಮುಗಿಸಿದಂತೆಯೇ.

ಬೇಲಿಯಾಚೆಗೆ ಹರಿಯುವ ನೀರು

ನಮ್ಮ ನಾಡಿಗೆ ದೇವರು ಕೊಟ್ಟ ಒಂದು ವಿಶೇಷ ವರ ಸುರಂಗ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಲಾಗಿ ಕೊರೆದು, ಒಳಗಿನ ಒರತೆಯನ್ನು ಪಂಪು ಇಲ್ಲದೆಯೇ ಮನೆಯಂಗಳಕ್ಕೆ ಹರಿಸಿಕೊಂಡ ನಮ್ಮ ಹಿರಿಯರ ಶ್ರಮ ಸಣ್ಣದಲ್ಲ. ಇಂಥ ನೀರಿನ ಗುಣವೇನೆಂದರೆ ಅದು ಗುಡ್ಡೆಯ ಮೇಲಿನಿಂದ ಇಳಿದು ಬರುವುದು. ಮೇಲಿನವನು ಮಾಡಿದ್ದನ್ನು ಕೆಳಗಿನವನು ಕುಡಿಯಬೇಕು.

ಈ ಪಾಠಕ್ಕೆ ನಮ್ಮ ಜಿಲ್ಲೆ ಕೊಟ್ಟ ಬೆಲೆ ಎಲ್ಲರಿಗೂ ತಿಳಿದದ್ದೇ. ಎಪ್ಪತ್ತರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಇಲ್ಲಿಯ ಗುಡ್ಡೆಗಳ ಮೇಲಿನ ದೊಡ್ಡ ಗೇರು ತೋಟಗಳಿಗೆ ಟೀ ಸೊಳ್ಳೆ ಕೀಟದ ಹತೋಟಿಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೆಳಗೆ ತೆರೆದ ಬಾವಿಗಳಿದ್ದವು, ಸುರಂಗಗಳಿದ್ದವು, ಶಾಲೆಗೆ ಹೋಗುವ ಮಕ್ಕಳಿದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ, 'ಸ್ವರ್ಗ' ಎಂಬ ಹೆಸರಿನ ಊರಿನ ಸುತ್ತಮುತ್ತ, ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯ, ನರಗಳ ಕಾಯಿಲೆಯುಳ್ಳ ಮಕ್ಕಳು ಮನೆಮನೆಯಲ್ಲಿ ಕಂಡುಬಂದರು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಲೆಕ್ಕವಿಟ್ಟು ಪ್ರಶ್ನೆ ಎತ್ತಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ನಾಡಿಗೆ ತಿಳಿಸಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೊರೆಹೊಕ್ಕು ಸಿಂಪಡಣೆಗೆ ತಡೆ ತಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಸರಕಾರದ ಪಟ್ಟಿಯಲ್ಲಿ 6,000ಕ್ಕೂ ಮಿಕ್ಕಿ ಸಂತ್ರಸ್ತರಿದ್ದಾರೆ.

ಈ ಮೂವರೂ ತಮ್ಮ ದಿನನಿತ್ಯದ ಉದ್ಯೋಗದೊಳಗೆ ನಿಂತೇ ನೆರೆಯವನ ಪ್ರಾಣಕ್ಕಾಗಿ ಮಾತನಾಡಿದರು ಎಂಬುದನ್ನು ಗಮನಿಸೋಣ. ಒಳಿತು ಯಾವ ಮನೆಯಿಂದ ಬಂದರೂ ಅದರ ಮೂಲ ದೇವರೇ. ಹಾಗೆಯೇ ಆ ದುರಂತವನ್ನು ಬೇರೆ ಯಾರದೋ ತಪ್ಪೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಹೆಲಿಕಾಪ್ಟರ್ ಹೋಯಿತು, ಬೆನ್ನಿಗೆ ಕಟ್ಟುವ ಪಂಪು ನಮ್ಮ ಕೊಟ್ಟಿಗೆಯಲ್ಲೇ ಇದೆ.

ಮುಂದಿನ ವಾರಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ಬೋರ್ಡೋ ಮದ್ದಿನ ವಿಷಯದಲ್ಲಿ ಕೆಲವು ಮಾತು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಶುಭ್ರವಾದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿದಾಗ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಮುಗಿಸಬೇಕು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ ಬಿಡುವುದು ವಾಡಿಕೆ. ಹದ ತಪ್ಪಿ ಮಾಡಿ ಪದೇಪದೇ ಬಿಡುವುದಕ್ಕಿಂತ ಸರಿಯಾಗಿ ಎರಡು ಸಲ ಬಿಡುವುದು ತೋಟಕ್ಕೂ ಮಣ್ಣಿಗೂ ಮೇಲು. ಸಂಶಯವಿದ್ದರೆ ನಮ್ಮ ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾದ ಆ ಕೇಂದ್ರದ ಬಾಗಿಲು ರೈತರಿಗೆ ತೆರೆದಿದೆ.

ಬಾವಿ, ಕೆರೆ, ತೋಡಿನ ಹತ್ತಿರ ಯಾವ ಮದ್ದನ್ನೂ ಕಲಸಬಾರದು, ಡ್ರಮ್ಮು ತೊಳೆಯಬಾರದು. ಸಿಂಪಡಿಸುವವರು ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ, ಮುಖಕವಚ ಧರಿಸಲಿ. ಗಾಳಿಗೆ ಎದುರಾಗಿ ನಿಲ್ಲದಿರಲಿ. ಕೆಲಸದ ನಡುವೆ ಬೀಡಿ ಸೇದದಿರಲಿ, ಎಲೆಯಡಿಕೆ ಹಾಕದಿರಲಿ. ಕೀಟನಾಶಕದ ಖಾಲಿ ಬಾಟಲಿಯಲ್ಲಿ ಎಣ್ಣೆ, ಸೀಮೆಎಣ್ಣೆ ತುಂಬಿಡುವ ಅಭ್ಯಾಸ ಇಂದೇ ನಿಲ್ಲಲಿ. ವಿಷ ಮೈಗೆ ಬಿದ್ದರೆ ಬಟ್ಟೆ ಕಳಚಿ ಸಾಬೂನಿನಿಂದ ತೊಳೆದು, ಡಬ್ಬಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಡಬ್ಬಿಯ ಚೀಟಿ ನೋಡಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ಸೊಳ್ಳೆಗೂ ಬೇಲಿ ಇಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಕಪ್ಪು, ಕೊಕ್ಕೊದ ಕೋಡು, ಇವುಗಳಲ್ಲಿ ನಿಂತ ಮಳೆನೀರೇ ಡೆಂಗ್ಯೂ ಸೊಳ್ಳೆಯ ತೊಟ್ಟಿಲು. ಅದರ ಮರಿ ಹಾರಾಡುವಂತಾಗಲು ಒಂದು ವಾರದಷ್ಟು ಸಮಯ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಕಪ್ಪುಗಳನ್ನು ಕವುಚಿ ಹಾಕಬೇಕು. ಪಕ್ಕದ ಮನೆಯ ಗರ್ಭಿಣಿಯೂ ಮುದುಕರೂ ನಮ್ಮ ತೋಟದ ಸೊಳ್ಳೆಯಿಂದ ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವುದು ಬಡಿವಾರವಿಲ್ಲದ ಪರೋಪಕಾರ.

ಬಾಗಿಲ ಹಿಂದಿನ ಸಂತರು

ಹಾಸಿಗೆ ಹಿಡಿದ ಮಗನನ್ನು ಇಪ್ಪತ್ತು, ಮೂವತ್ತು ವರ್ಷಗಳಿಂದ ಎತ್ತಿ, ತೊಳೆದು, ತುತ್ತಿಟ್ಟು ಸಾಕುತ್ತಿರುವ ತಾಯಂದಿರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಭಾನುವಾರ ಬಲಿಪೂಜೆಗೋ ದೇವಸ್ಥಾನಕ್ಕೋ ಹೋಗಲೂ ಬಿಡುವಿಲ್ಲ. ಅವರ ಪವಿತ್ರತೆಯ ಬಗ್ಗೆ ಪ್ರವಚನ ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಅವರನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಹೊಗಳಿಕೆಯಿಂದ ಬೆನ್ನುನೋವು ಕಡಿಮೆಯಾಗದು.

ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಕೇರ್ ನೀತಿ ಜಾರಿಯಲ್ಲಿದ್ದು, ಪಂಚಾಯತುಗಳ ಮೂಲಕ ದಾದಿಯರು ಮನೆಗೇ ಬಂದು ರೋಗಿಗಳನ್ನು ನೋಡುತ್ತಾರೆ. ಅವರೊಡನೆ ಹೋಗಲು ಸ್ವಯಂಸೇವಕರು ಬೇಕು. ವಾರಕ್ಕೆ ಎರಡು ಗಂಟೆ ಆ ತಾಯಿಯ ಬದಲು ನಾವು ಹಾಸಿಗೆಯ ಪಕ್ಕ ಕುಳಿತರೆ ಆಕೆ ಸ್ನಾನ ಮಾಡಿ, ಒಂದಿಷ್ಟು ಕಣ್ಣುಮುಚ್ಚಿಕೊಳ್ಳಬಹುದು. ಜಾತಿ, ಮತ ಕೇಳದೆ ಹೋಗಬೇಕಾದ ಕೆಲಸ ಇದು.

ನಮ್ಮ ಮನೆಗಳ ಒಳಗೂ ಒಂದು ಮಾತು. ತೋಟದಲ್ಲಿ ಗಂಡನ ಸಮಕ್ಕೆ ದುಡಿದು, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಂಗಸರಿಗೆ ರಕ್ತಹೀನತೆ ಬಂದರೆ ಆಶ್ಚರ್ಯವಿಲ್ಲ. ಯಜಮಾನರು ಸಂಜೆಯ ಗಡಂಗಿನ ಖರ್ಚನ್ನು ಆಕೆಯ ಆಸ್ಪತ್ರೆ ಖರ್ಚಿನ ಪಕ್ಕದಲ್ಲಿಟ್ಟು ಒಮ್ಮೆ ಲೆಕ್ಕ ಹಾಕಲಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು, ಒಟ್ಟಿಗೆ ಜಪಸರ ಹೇಳುವುದು, ಇವೆರಡೂ ಒಂದೇ ಕೊಂಬೆಯ ಹಣ್ಣುಗಳು.

ಈ ಮಳೆಗಾಲಕ್ಕೆ ನಮ್ಮ ನಿರ್ಧಾರ

ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗ ಸುಳ್ಳು, ಕೋಪ, ಭಾನುವಾರದ ಪೂಜೆ ತಪ್ಪಿಸಿದ್ದು, ಇವನ್ನೆಲ್ಲ ನೆನೆಯುತ್ತೇವೆ. ಅವುಗಳೊಡನೆ ಈ ಪ್ರಶ್ನೆಗಳನ್ನೂ ಸೇರಿಸಿಕೊಳ್ಳೋಣ.

ಯಾರ ಕೂಲಿಯಾದರೂ ನಮ್ಮಲ್ಲಿ ಬಾಕಿ ಇದೆಯೇ?

ನಮಗೆ ಬೇಡವಾದದ್ದನ್ನು ಸಂತೆಗೆ ಕಳುಹಿಸಿದ್ದೇವೆಯೇ?

ನಮ್ಮ ತೋಟದ ನೀರು ಹರಿದು ಹೋಗುವಲ್ಲಿ ಯಾರ ಬಾವಿ ಇದೆ?

ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ, ಕೊನೆಯ ಸಲ ಅವರ ಮನೆಗೆ ಹೋದದ್ದು ಯಾವಾಗ?

ವಾರ್ಡಿನ ಗುರಿಕಾರರು ಮುಂದಿನ ಸಭೆಯಲ್ಲಿ ಈ ನಾಲ್ಕನ್ನು ಓದಿ ಹೇಳಿ, ಪ್ರತಿ ಮನೆಯೂ ಒಂದನ್ನಾದರೂ ಈ ಮಳೆಗಾಲದಲ್ಲಿ ನಡೆಸಿಕೊಡುವಂತೆ ಪ್ರೇರೇಪಿಸಬೇಕೆಂದು ಕೋರುತ್ತೇವೆ.

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ನಮ್ಮ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುತ್ತಾರೆ. ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ. ಆ ತೆನೆ ಯಾರ ಬೆವರಿನಿಂದ, ಯಾವ ನೀರಿನಿಂದ ಬೆಳೆಯಿತು ಎಂದು ಕೇಳಿದರೆ ನಾವು ತಲೆಯೆತ್ತಿ ಉತ್ತರ ಹೇಳುವಂತಾಗಲಿ. ಸಂತ ಇಸಿದೋರರು ಮತ್ತು ಸಂತ ದೇವಸಹಾಯಂ ನಮಗಾಗಿ ಬಿನ್ನಹಿಸಲಿ. ಒಳ್ಳೆಯ ಮಳೆಯನ್ನೂ ಒಳ್ಳೆಯ ಮನಸ್ಸನ್ನೂ ಕೊಟ್ಟು ದೇವರು ನಿಮ್ಮ ಮನೆ, ತೋಟ, ದನಕರುಗಳನ್ನು ಹರಸಲಿ.